ವೈಪರ್ ಮೋಟಾರು, ಗಾರೆ ತೊಟ್ಟಿ, ಎಂಟು ಚಕ್ರ: ಮನೆಯಲ್ಲೇ ಕಟ್ಟಿದ ಕಾರ್ಟ್ ಟೈರ್ ತೊಳೆಯುವ ಯಂತ್ರ

ಶನಿವಾರ ರಾತ್ರಿ ಮಗಳ ಕಾರ್ಟ್ ರೇಸ್ (ಪುಟ್ಟ ತೆರೆದ ಗಾಡಿಯ ರೇಸ್) ಮುಗಿಸಿ ಮನೆ ಸೇರುವಾಗ ಹನ್ನೊಂದೂವರೆ. ಟ್ರೇಲರಿನಲ್ಲಿ ಎಂಟು ಚಕ್ರ. ಎಂಟಕ್ಕೂ ಕೆಂಪು ಜೇಡಿಮಣ್ಣು ಮೆತ್ತಿರುತ್ತದೆ. ಹನ್ನೆರಡು ವರ್ಷದ ಮಗಳು ಕಾರಿನಲ್ಲೇ ಮಲಗಿಬಿಟ್ಟಿರುತ್ತಾಳೆ, ನನಗೂ ಕಣ್ಣು ಎಳೆಯುತ್ತಿರುತ್ತದೆ. ಬೆಳಗ್ಗೆ ನೋಡಿಕೊಳ್ಳೋಣ ಅಂತ ಗ್ಯಾರೇಜಿನ ಬಾಗಿಲು ಎಳೆದರೆ ಬೆಳಗ್ಗೆ ಅದು ಇಟ್ಟಿಗೆ. ಒಂದೊಂದು ಚಕ್ರಕ್ಕೆ ಹತ್ತು ನಿಮಿಷದ ಹಾಗೆ, ಬಕೆಟ್ ಮುಂದೆ ಕುಕ್ಕರಗಾಲಲ್ಲಿ ಕೂತು ಭಾನುವಾರದ ಒಂದೂವರೆ ಗಂಟೆ ಉಜ್ಜುವುದೇ ಕೆಲಸ.

ಹೋದ ಬೇಸಿಗೆಯಲ್ಲಿ ಇದಕ್ಕೊಂದು ಯಂತ್ರ ಕಟ್ಟಿದೆವು. ಕಟ್ಟಿದವರು ಮೂರು ಜನ: ನಾನು, ಮಗಳು, ಆರು ತಿಂಗಳಿಗೆ ಅಂತ ಶಿರಾದಿಂದ ಬಂದಿದ್ದ ನಮ್ಮಪ್ಪ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ಎರಡು ಸಲ ಕೆಟ್ಟು ಮೂರನೇ ಸಲಕ್ಕೆ ಯಂತ್ರ ಸರಿಹೋಯಿತು. ಆದರೆ ಯಂತ್ರಕ್ಕಿಂತ ಹೆಚ್ಚಾಗಿ ತಪ್ಪಿದ್ದದ್ದು ಮಣ್ಣಿನ ಬಗ್ಗೆ ನಾನು ಇಟ್ಟುಕೊಂಡಿದ್ದ ನಂಬಿಕೆ. ಅದು ಗೊತ್ತಾಗಿದ್ದು ಕೊನೆಗೆ.

ಮಣ್ಣು ಎಂಥದ್ದು, ಟೈರು ಎಂಥದ್ದು

ನಾವಿರುವುದು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ, ಶಾರ್ಲಟ್ ಊರಿನ ಪಕ್ಕ. ಅಪ್ಪಲೇಚಿಯನ್ ಬೆಟ್ಟಗಳಿಗೂ ಕರಾವಳಿಗೂ ನಡುವಿನ ಈ ಸೀಮೆಗೆ ಪೀಡ್‌ಮಾಂಟ್ ಅಂತ ಹೆಸರು. ನೆಲ ಅಗೆದರೆ ಕೆಂಪು. ಕಬ್ಬಿಣದ ಆಕ್ಸೈಡು ತುಂಬಿದ, ಅಂಟುವ ಜೇಡಿ. ಅಪ್ಪ ಏರ್‌ಪೋರ್ಟಿನಿಂದ ಬರುವಾಗ ರಸ್ತೆ ಪಕ್ಕದ ಮಣ್ಣಿನ ಗುಡ್ಡೆ ನೋಡಿ "ಇದೇನೋ, ಕೋಲಾರದ ಕಡೆ ಥರಾನೇ ಇದೆ" ಅಂದಿದ್ದರು.

ಈ ಜೇಡಿಯ ಮೇಲೇ ಇಲ್ಲಿನ ಕಾರ್ಟ್ ರೇಸು. ಬೆಂಗಳೂರಿನಲ್ಲಿ ಕಾರ್ಟಿಂಗ್ ಅಂದರೆ ಡಾಂಬರಿನ ಟ್ರ್ಯಾಕು, ಎಡಕ್ಕೂ ಬಲಕ್ಕೂ ತಿರುವು. ಅಲ್ಲಿ ಟೈರಿಗೆ ಅಂಟುವುದು ಬೇರೆಯವರ ಟೈರಿನ ರಬ್ಬರ್ ಚೂರು. ಅದನ್ನು ಬಿಸಿಗಾಳಿ ಬಿಟ್ಟು ಕೆರೆಯುತ್ತಾರೆ, ನೀರಿನ ಕೆಲಸ ಇಲ್ಲ. ಇಲ್ಲಿ ಮೊಟ್ಟೆ ಆಕಾರದ ಮಣ್ಣಿನ ಟ್ರ್ಯಾಕು, ಮೈಲಿಯ ಐದನೇ ಒಂದು ಭಾಗ, ಅಂದರೆ ಸುಮಾರು 320 ಮೀಟರ್. ತಿರುವೆಲ್ಲ ಎಡಕ್ಕೇ. ಸಂಜೆ ಟ್ಯಾಂಕರಿನಲ್ಲಿ ನೀರು ಹೊಡೆದು ರೋಲರ್ ಓಡಿಸುತ್ತಾರೆ. ತೇವ ನಿಲ್ಲಲಿ, ಧೂಳು ಏಳದಿರಲಿ ಅಂತ ಕೆಲವು ಕಡೆ ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪನ್ನೂ ಹಾಕುತ್ತಾರೆ. ಮೊದಲ ಹೀಟಿನಲ್ಲಿ, ಅಂದರೆ ಮೊದಲ ಚಿಕ್ಕ ರೇಸಿನಲ್ಲಿ, ನೆಲ ಹಸಿ, ಮಣ್ಣು ಮುದ್ದೆಮುದ್ದೆಯಾಗಿ ಏಳುತ್ತದೆ. ರಾತ್ರಿಯಾಗುತ್ತ ಒಣಗಿ ನುಣುಪಾಗಿ, ಕಪ್ಪು ಗೆರೆ ಬಿದ್ದು ಗಾರೆ ನೆಲದ ಹಾಗೆ ಹೊಳೆಯುತ್ತದೆ. ಹೀಗಾಗಿ ಒಂದೇ ರಾತ್ರಿಯಲ್ಲಿ ಟೈರಿಗೆ ಎರಡು ಥರದ ಮಣ್ಣು ಹತ್ತುತ್ತದೆ. ಮೊದಲು ಮುದ್ದೆ, ಆಮೇಲೆ ಬಿಸಿಗೆ ಬೆಂದು ತೆಳ್ಳಗೆ ಕೂತ ಪುಡಿಯ ಪೊರೆ. ಮುದ್ದೆ ಕಣ್ಣಿಗೆ ಕಾಣುತ್ತದೆ. ಕಾಟ ಕೊಡುವುದು ಪೊರೆ.

ಮಗಳ ಕಾರ್ಟಿಗೆ ಇರುವುದು ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯ ಎಲ್‌ಒ206 ಎಂಜಿನ್. ಕಾರ್ಖಾನೆಯಲ್ಲೇ ಸೀಲ್ ಹಾಕಿ ಕಳಿಸುತ್ತಾರೆ. ಎಲ್ಲರದೂ ಒಂದೇ ಎಂಜಿನ್ ಆದ ಮೇಲೆ ಹೆಚ್ಚುಕಮ್ಮಿ ಆಗುವುದೆಲ್ಲ ಟೈರಿನಲ್ಲಿ. ಟೈರು ಆರಿಂಚಿನ ರಿಮ್ಮಿಗೆ ಕೂರುವಂಥದ್ದು, ಎತ್ತರ ಹನ್ನೊಂದು ಇಂಚಿನಷ್ಟು, ಹಲ್ಲಿಲ್ಲದ ನುಣುಪು ಮೈ. ಗಾಳಿ ಬರೀ 5–6 ಪಿಎಸ್‌ಐ. ಸೈಕಲ್ಲಿಗೂ ಇದಕ್ಕಿಂತ ಜಾಸ್ತಿ ಹಾಕುತ್ತೇವೆ, ಅಲ್ವಾ? ಇಷ್ಟು ಕಮ್ಮಿ ಗಾಳಿಯಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳದಿರಲಿ ಅಂತ ರಿಮ್ಮಿನ ಸುತ್ತ ಸ್ಕ್ರೂ ಹಾಕಿರುತ್ತಾರೆ. ಬರಿಗೈಯಲ್ಲಿ ತೊಳೆದರೆ ಬೆರಳು ತರಚುವುದು ಆ ಸ್ಕ್ರೂ ತಲೆಗಳಿಂದಲೇ.

ಟೈರಿಗೆ ಬಗೆಬಗೆಯ ಎಣ್ಣೆ, ಕೆಮಿಕಲ್ ಹಚ್ಚಿ ಮೆತ್ತಗೆ ಮಾಡುವ ಚಾಳಿ ಈ ಆಟದಲ್ಲಿ ಹಳೆಯದು. ಮಗಳು ಓಡಿಸುವ ರೇಸಿನ ವಿಭಾಗದಲ್ಲಿ ಅದಕ್ಕೆ ಅವಕಾಶ ಇಲ್ಲ. ನನಗೂ ಅದೇ ಬೇಕಿತ್ತು. ಮಗುವಿನ ಕೈಗೆ, ಮೂಗಿಗೆ ಆ ವಾಸನೆ ಯಾಕೆ? ಸೋಪು ಹಾಕಿ ಆಮೇಲೆ ಯಾರೋ ಅನುಮಾನ ಪಡುವುದೂ ಬೇಡ ಅಂತ ಬರೀ ನೀರಲ್ಲೇ ತೊಳೆಯುವುದು ಅಂತ ಮನೆಯಲ್ಲಿ ತೀರ್ಮಾನ ಮಾಡಿಕೊಂಡೆವು.

ತೊಳೆಯದಿದ್ದರೆ ಏನಾಗುತ್ತದೆ

ಪೊರೆ ಕೂತ ಟೈರು ಮೊದಲ ಎರಡು ಸುತ್ತು ಸುಮ್ನೆ ಜಾರುತ್ತದೆ. ನಮ್ಮ ಹೀಟಿನಲ್ಲಿ ಇರುವುದೇ ಹತ್ತು ಸುತ್ತು.

ಅಳತೆಗಳೂ ಸುಳ್ಳಾಗುತ್ತವೆ. ಡ್ಯೂರೋಮೀಟರ್ ಅಂತ ಗಡಿಯಾರದಂಥ ಒಂದು ಉಪಕರಣ ಇದೆ. ಅದರ ಮೊನೆಯನ್ನು ರಬ್ಬರಿಗೆ ಒತ್ತಿದರೆ ಎಷ್ಟು ಗಟ್ಟಿ ಅಂತ ಶೋರ್ ಎ ಅಳತೆಯಲ್ಲಿ ಮುಳ್ಳು ತೋರಿಸುತ್ತದೆ. ಮಣ್ಣಿನ ಮೇಲೆ ಒತ್ತಿದರೆ ಅದು ಮಣ್ಣಿನ ಗಟ್ಟಿತನ ಹೇಳುತ್ತದೆ. ನಮ್ಮ ಒಂದು ಟೈರು ಕೊಳಕಾಗಿದ್ದಾಗ 62 ತೋರಿಸಿತ್ತು, ತೊಳೆದ ಮೇಲೆ 57. ಆ 62 ನೋಡಿ ಟೈರಿನ ಕಾಲ ಮುಗಿಯಿತು ಅಂತ ಎಸೆದಿದ್ದರೆ ಒಂದು ಒಳ್ಳೆಯ ಟೈರು ಕಸಕ್ಕೆ ಹೋಗುತ್ತಿತ್ತು. ಒಂದು ಸೆಟ್ಟಿಗೆ ನಾವು ಕೊಡುವುದು ಮುನ್ನೂರು ಡಾಲರ್ ಹತ್ತಿರ.

ಇನ್ನೊಂದು ಅಳತೆ ಸ್ಟ್ಯಾಗರ್. ಕಾರ್ಟಿನ ಹಿಂದಿನ ಎರಡು ಚಕ್ರವೂ ಒಂದೇ ಆಕ್ಸಲಿಗೆ ಬಿಗಿದಿರುತ್ತವೆ. ಎರಡೂ ಒಟ್ಟಿಗೇ ತಿರುಗಬೇಕು. ಎಡಕ್ಕೆ ತಿರುಗುವಾಗ ಬಲಗಡೆಯದು ಜಾಸ್ತಿ ದೂರ ಹೋಗಬೇಕಲ್ಲ, ಅದಕ್ಕೆ ಬಲಗಡೆಯ ಟೈರಿನ ಸುತ್ತಳತೆಯನ್ನೇ ದೊಡ್ಡದಾಗಿ ಇಟ್ಟಿರುತ್ತಾರೆ. ಬಾಯಿ ಅಗಲ, ತಳ ಕಿರಿದಾದ ಸ್ಟೀಲ್ ಲೋಟವನ್ನು ನೆಲದ ಮೇಲೆ ಉರುಳಿಸಿ ನೋಡಿ, ತಾನಾಗಿ ಸುತ್ತು ಹೊಡೆಯುತ್ತದೆ. ಅದೇ ಲೆಕ್ಕ. ನಮ್ಮದರಲ್ಲಿ ಆ ವ್ಯತ್ಯಾಸ ಒಂದೂಕಾಲು ಇಂಚು. ಟೇಪಿನ ಕೆಳಗೆ ಒಂದು ಹೆಂಟೆ ಮಣ್ಣಿದ್ದರೂ ಲೆಕ್ಕ ತಪ್ಪುತ್ತದೆ.

ಪ್ರೆಷರ್ ವಾಷರ್ ಇದೆಯಲ್ಲ, ಅದಕ್ಕೇಕೆ ಇಷ್ಟು ಪಾಡು ಅಂತ ಯಾರಾದರೂ ಕೇಳಬಹುದು. ನಾನೂ ಮೊದಲು ಅದನ್ನೇ ಹಿಡಿದಿದ್ದೆ. ಎರಡೇ ನಿಮಿಷದಲ್ಲಿ ಫಳಫಳ. ಮುಂದಿನ ಶನಿವಾರ ಟ್ರ್ಯಾಕಿಗೆ ಹೋಗಿ ನೋಡಿದರೆ ಬಲ ಹಿಂದಿನ ಟೈರಿನಲ್ಲಿ ಗಾಳಿ ಇಲ್ಲ, ಅಲ್ಲಾಡಿಸಿದರೆ ಒಳಗೆ ಗುಳುಗುಳು. ಆರು ಪಿಎಸ್‌ಐ ಗಾಳಿಯ ಟೈರಿನ ಅಂಚಿಗೆ ಅಷ್ಟು ಜೋರಿನ ನೀರು ಬಿಟ್ಟರೆ ಸಂದಿಯಲ್ಲಿ ನುಗ್ಗದೆ ಇರುತ್ತದಾ? ಒಳಗಿನ ನೀರು ಟೈರು ಕಾದಾಗ ಆವಿಯಾಗಿ ಒತ್ತಡವನ್ನು ಬೇಕಾಬಿಟ್ಟಿ ಏರಿಸುತ್ತದೆ. ಮುಂದಿನ ಚಕ್ರದ ಬೇರಿಂಗಿಗೂ ಮರಳು ಸೇರಿತ್ತು. ಆ ಚಾಪ್ಟರ್ ಅಲ್ಲಿಗೆ ಮುಗಿಯಿತು.

ಮೊದಲನೆಯದು: ಡ್ರಿಲ್

ಮೊದಲ ಯಂತ್ರ ಕಟ್ಟಲು ಹಿಡಿದಿದ್ದು ಅರ್ಧ ಗಂಟೆ. ಚಕ್ರದ ನಡುವೆ ಒಂದು ಉದ್ದ ಬೋಲ್ಟ್, ಎರಡು ಕಡೆ ವಾಷರ್, ಬೋಲ್ಟಿನ ತುದಿ ಬ್ಯಾಟರಿ ಡ್ರಿಲ್ಲಿನ ಬಾಯಿಗೆ. ಕೆಳಗೆ ಬಕೆಟ್, ಕೈಯಲ್ಲಿ ಬ್ರಷ್. ಡ್ರಿಲ್ ಒತ್ತಿದೆ.

ಕೆಂಪು ಮಣ್ಣು ಗ್ಯಾರೇಜಿನ ಸೀಲಿಂಗಿಗೆ ಒಂದು ಪಟ್ಟಿ, ನನ್ನ ಮುಖಕ್ಕೆ ಒಂದು ಪಟ್ಟಿ, ಪಕ್ಕದಲ್ಲಿ ನಿಂತಿದ್ದ ಬಿಳಿ ಕಾರಿಗೆ ಒಂದು ಪಟ್ಟಿ ಬಳಿಯಿತು. ಸದ್ದಿಗೆ ಬಾಗಿಲು ತೆಗೆದ ಹೆಂಡತಿ ಒಂದು ಕ್ಷಣ ನೋಡಿ, "ರೀ, ಹೋಳಿ ಯಾವತ್ತೋ ಆಗ್ಹೋಯ್ತಲ್ಲ" ಅಂದು ಬಾಗಿಲು ಹಾಕಿಕೊಂಡಳು.

ಆಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ಹನ್ನೊಂದು ಇಂಚಿನ ಟೈರಿನ ಸುತ್ತಳತೆ ಸುಮಾರು 88 ಸೆಂಟಿಮೀಟರ್. ಡ್ರಿಲ್ ಕಮ್ಮಿ ಗೇರಿನಲ್ಲೂ ನಿಮಿಷಕ್ಕೆ 400 ಸುತ್ತು ತಿರುಗುತ್ತದೆ. ಅಂದರೆ ಟೈರಿನ ಮೈ ಸೆಕೆಂಡಿಗೆ ಸುಮಾರು 6 ಮೀಟರ್ ಓಡುತ್ತದೆ. ಆ ವೇಗದಲ್ಲಿ ಮೈಮೇಲಿನ ಮಣ್ಣನ್ನು ಆಚೆ ಎಸೆಯುವ ಎಳೆತ ಭೂಮಿಯ ಎಳೆತದ 25 ಪಟ್ಟು. ಅದೇ ನಿಮಿಷಕ್ಕೆ 40 ಸುತ್ತಿಗೆ ಇಳಿಸಿದರೆ ಎಳೆತ ಭೂಮಿಯದರ ಕಾಲು ಭಾಗಕ್ಕೆ ಬರುತ್ತದೆ. ಆಗ ಮಣ್ಣು ನೀರಿನ ಹನಿಯ ಜೊತೆ ಕೆಳಗೆ ಇಳಿಯುತ್ತದೆ, ಎದುರಿಗಿದ್ದವರ ಮೇಲೆ ಹಾರುವುದಿಲ್ಲ. ಹಾಗಾದರೆ ನಿಮಿಷಕ್ಕೆ 40 ಸುತ್ತು ತಿರುಗುವ, ನೀರಿನ ಪಕ್ಕ ಇಟ್ಟರೂ ಭಯವಿಲ್ಲದ, ಬಲವಾದ ಮೋಟಾರು ಎಲ್ಲಿ ಸಿಗುತ್ತದೆ?

"ವೈಪರ್" ಅಂದರು ಅಪ್ಪ. ತಲೆ ಎತ್ತಲೂ ಇಲ್ಲ, ಕಡಲೆಕಾಯಿ ಸುಲಿಯುತ್ತಿದ್ದರು.

ಸರಿಯಾದ ಮಾತು. ಕಾರಿನ ವೈಪರ್ ಮೋಟಾರಿನ ಒಳಗೇ ವೇಗ ತಗ್ಗಿಸುವ ವರ್ಮ್ ಗೇರ್ ಇರುತ್ತದೆ. ಕಮ್ಮಿ ವೇಗದಲ್ಲಿ ನಿಮಿಷಕ್ಕೆ ನಲವತ್ತರ ಆಸುಪಾಸು, ಜಾಸ್ತಿ ವೇಗದಲ್ಲಿ ಅರವತ್ತರ ಆಸುಪಾಸು ಸುತ್ತು. ಮಳೆಯಲ್ಲೇ ಕೆಲಸ ಮಾಡಲು ಹುಟ್ಟಿದ್ದು. ಮುಖ್ಯವಾಗಿ 12 ವೋಲ್ಟ್. ಇಲ್ಲಿನ ಮನೆಗಳ ಕರೆಂಟು 120 ವೋಲ್ಟ್, ಭಾರತದ 230ಕ್ಕಿಂತ ಕಮ್ಮಿ ಅಂತ ಸದರ ಮಾಡುವಂತಿಲ್ಲ. ಒದ್ದೆ ನೆಲ, ಬರಿಗಾಲು, ಪಕ್ಕದಲ್ಲಿ ಮಗು. ಗ್ಯಾರೇಜಿನ ಪ್ಲಗ್ಗಿಗೆ ಜಿಎಫ್‌ಸಿಐ ಅನ್ನುವ ಶಾಕ್ ತಡೆಯುವ ಸ್ವಿಚ್ಚು ಇದೆ, 5 ಮಿಲಿಆಂಪ್ ಆಸುಪಾಸು ಕರೆಂಟು ಸೋರಿದರೂ ಕಟ್ ಆಗುತ್ತದೆ. ಆದರೂ ತೊಟ್ಟಿಯ ಹತ್ತಿರ ಮೇನ್ಸ್ ವೈರೇ ಬರಬಾರದು ಅಂತ ಅಪ್ಪ ಖಡಾಖಂಡಿತ ಹೇಳಿದರು. ಹುಲ್ಲು ಕತ್ತರಿಸುವ ಗಾಡಿಯ ಬ್ಯಾಟರಿ ಮನೆಯಲ್ಲಿತ್ತು. ಹಳೆ ಕಾರುಗಳ ಯಾರ್ಡಿಗೆ ಹೋಗಿ 25 ಡಾಲರಿಗೆ ಮೋಟಾರು ಬಿಚ್ಚಿಕೊಂಡು ಬಂದೆವು. ಮಗಳೇ ಬಿಚ್ಚಿದ್ದು, ತಾತ ಪಕ್ಕದಲ್ಲಿ ನಿಂತು "ಎಡಕ್ಕೆ ಪುಟ್ಟಿ, ಎಡಕ್ಕೆ" ಅನ್ನುತ್ತಿದ್ದರು.

ಎರಡನೆಯದು: ರೋಲರ್

ಇದು ನನ್ನ ಐಡಿಯಾ, ಹಾಗಾಗಿ ಬೇಗ ಮುಗಿಸುತ್ತೇನೆ. ಎರಡು ಪಿವಿಸಿ ಪೈಪು ಪಕ್ಕಪಕ್ಕ, ಒಂದಕ್ಕೆ ಮೋಟಾರು, ಮೇಲೆ ಟೈರು ಸುಮ್ನೆ ಕೂರುತ್ತದೆ. ಬೋಲ್ಟ್ ಬೇಡ, ನಟ್ ಬೇಡ. ಚಿತ್ರದಲ್ಲಿ ಬಲು ಚೆಂದ. ಪೈಪು ಸಣ್ಣದು, ಟೈರು ದೊಡ್ಡದು, ಹಾಗಾಗಿ ಟೈರು ನಿಮಿಷಕ್ಕೆ ಹದಿಮೂರು ಸುತ್ತೂ ಬರಲಿಲ್ಲ. ಜೇಡಿ ನೆಂದ ಮೇಲೆ ಪೈಪು ಅಲ್ಲೇ ಜಾರತೊಡಗಿತು. ಜಾರದಿದ್ದಾಗ ಇನ್ನೂ ಕೆಟ್ಟದ್ದಾಯಿತು: ಲಟ್ಟಣಿಗೆಯಲ್ಲಿ ಚಪಾತಿ ಲಟ್ಟಿಸಿದ ಹಾಗೆ ಮಣ್ಣನ್ನು ಒತ್ತಿ ಒತ್ತಿ ಟೈರಿಗೇ ಹಚ್ಚಿತು. ತೊಳೆಯುವ ಯಂತ್ರ ಸಾರಿಸುವ ಯಂತ್ರವಾಯಿತು ಅಂತ ಅಪ್ಪ ನಕ್ಕರು.

ಮೂರನೆಯದು: ಗಾಣ

ಚಕ್ರವನ್ನು ನಡುವಿನಿಂದಲೇ ತಿರುಗಿಸಬೇಕು, ಸರಿ. ಆದರೆ ಹಿಂದಿನ ಚಕ್ರಕ್ಕೂ ಮುಂದಿನ ಚಕ್ರಕ್ಕೂ ನಡು ಬೇರೆ ಬೇರೆ. ಹಿಂದಿನದು ಆಕ್ಸಲಿಗೆ ಬಿಗಿದ ಹಬ್‌ಗೆ ಮೂರು ಬೋಲ್ಟಿನಲ್ಲಿ ಕೂರುತ್ತದೆ. ಮುಂದಿನದರ ನಡುವೆ ಬೇರಿಂಗ್ ಇದೆ, ರಂಧ್ರ ಮುಕ್ಕಾಲು ಇಂಚಿಗಿಂತ ಕಮ್ಮಿ. ಅದರೊಳಗೆ ಸರಳು ತೂರಿಸಿ ತಿರುಗಿಸಿದರೆ ಸರಳು ಮಾತ್ರ ತಿರುಗುತ್ತದೆ, ಚಕ್ರ ನಿಂತಲ್ಲೇ ನಿಂತಿರುತ್ತದೆ. ಎರಡು ಥರದ ಅಡಾಪ್ಟರ್ ಮಾಡೋಣ ಅಂತ ನಾನು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಶುರು ಮಾಡಿದ್ದೆ.

ಅಪ್ಪ ಅಡುಗೆಮನೆಯಿಂದ ಎರಡು ತಟ್ಟೆ ತಂದರು. ಒಂದನ್ನು ಚಕ್ರದ ಈ ಕಡೆ, ಇನ್ನೊಂದನ್ನು ಆ ಕಡೆ ಇಟ್ಟು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ತಿರುಗಿಸಿದರು. ಚಕ್ರ ತಿರುಗಿತು. "ನಡು ಹೆಂಗಾದ್ರೂ ಇರ್ಲಿ ಕಣೋ. ನೀನು ಅಂಚು ಹಿಡಿ."

ಅಷ್ಟೇ. ತಟ್ಟೆಯ ಬದಲು ಮುಕ್ಕಾಲು ಇಂಚಿನ ಪ್ಲೈವುಡ್ಡಿನಲ್ಲಿ ಎರಡು ಬಿಲ್ಲೆ ಕತ್ತರಿಸಿದೆವು. ರಿಮ್ಮಿಗೆ ತಾಗುವ ಮುಖಕ್ಕೆ ಹರಿದ ಯೋಗ ಮ್ಯಾಟಿನ ತುಂಡು ಅಂಟಿಸಿದೆವು. ನಡುವೆ ಅರ್ಧ ಇಂಚಿನ ಥ್ರೆಡ್ ರಾಡು ತೂರುತ್ತದೆ. ಒಂದು ಬಿಲ್ಲೆ ರಾಡಿಗೆ ಬಿಗಿದೇ ಇದೆ. ಚಕ್ರ ತೂರಿಸಿ, ಇನ್ನೊಂದು ಬಿಲ್ಲೆ ಇಟ್ಟು, ನಟ್ ಬಿಗಿದರೆ ರಿಮ್ಮಿನ ಅಂಚು ಎರಡು ಬಿಲ್ಲೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಮುಂದಿನದು, ಹಿಂದಿನದು ಎರಡಕ್ಕೂ ಇದೇ. ನಾವು ಎಣಿಸದ ಒಂದು ಲಾಭವೂ ಆಯಿತು: ಬಿಲ್ಲೆ ಮುಚ್ಚಿರುವುದರಿಂದ ಕೆಸರು ನೀರು ಬೇರಿಂಗಿನ ಕಡೆ ಹೋಗುವುದೇ ಇಲ್ಲ.

ರಾಡು ಕೂರುವುದು ಎರಡು ಪಿಲ್ಲೋ ಬ್ಲಾಕ್ (ಬೋಲ್ಟ್ ಹಾಕಿ ಕೂರಿಸುವ ಕವಚದ) ಬೇರಿಂಗಿನ ಮೇಲೆ, ಅವು ಒಂದು ಮರದ ಚೌಕಟ್ಟಿನ ಮೇಲೆ. ಚಕ್ರ ಇರುವ ತುದಿ ತೊಟ್ಟಿಯ ಮೇಲೆ ಚಾಚಿಕೊಂಡಿದೆ. ಮೋಟಾರನ್ನು ರಾಡಿಗೆ ನೇರಕ್ಕೆ ನೇರ ಸೇರಿಸಲು ಹೋಗಿ ಒಂದು ದಿನ ಹಾಳಾಯಿತು. ಕೂದಲೆಳೆಯಷ್ಟು ಓರೆಯಾದರೂ ಕಿರಗುಟ್ಟುತ್ತಿತ್ತು. ಕೊನೆಗೆ ವೈಪರಿನ ಮೂಲ ತೋಳನ್ನೇ ಬಿಟ್ಟುಕೊಂಡೆವು. ಮೋಟಾರಿಗೆ ಸಿಕ್ಕಿಸಿದ ಆ ತೋಳಿನ ತುದಿಯ ಗೂಟ, ರಾಡಿಗೆ ಅಡ್ಡಲಾಗಿ ಬಿಗಿದ ಒಂದು ಪಟ್ಟಿಯನ್ನು ತಳ್ಳಿಕೊಂಡು ಸುತ್ತುತ್ತದೆ. ಗಾಣದ ಎತ್ತು ನೊಗ ತಳ್ಳಿಕೊಂಡು ಸುತ್ತುವ ಹಾಗೆ. ಸ್ವಲ್ಪ ಓರೆಕೋರೆ ಇದ್ದರೂ ಎತ್ತಿಗೇನು? ಅಂದಿನಿಂದ ನಮ್ಮ ಮನೆಯಲ್ಲಿ ಇದರ ಹೆಸರೇ ಗಾಣ. ಮಗಳು ಗಾಣ ಎಂದೂ ನೋಡಿಲ್ಲ, ಆದರೂ ಟ್ರ್ಯಾಕಿನಲ್ಲಿ ಅಮೆರಿಕನ್ ಹುಡುಗರಿಗೂ 'ಗಾಣ' ಅಂತಲೇ ಹೇಳುತ್ತಾಳೆ.

ತೊಟ್ಟಿ ಅಂದರೆ ಸಿಮೆಂಟು ಗಾರೆ ಕಲಸುವ ಕಪ್ಪು ಪ್ಲಾಸ್ಟಿಕ್ ತೊಟ್ಟಿ. ಟೈರಿನ ಕೆಳಗಿನ ಎರಡು ಇಂಚು ಮುಳುಗುವಷ್ಟು ನೀರು. ಮೇಲಿಂದ ಬಾಗಿಲ ಕೀಲು ಹಾಕಿದ ಒಂದು ಮರದ ತೋಳು, ಅದರ ತುದಿಗೆ ನೈಲಾನ್ ಬ್ರಷ್. ತನ್ನ ಭಾರಕ್ಕೆ ತಾನೇ ಟೈರಿನ ಮೇಲೆ ಕೂರುತ್ತದೆ. ಭಾರ ಸಾಲದಿದ್ದರೆ ತೋಳಿಗೆ ಒಂದು ಲೀಟರಿನ ನೀರಿನ ಬಾಟಲಿ ತೂಗುಹಾಕುತ್ತೇವೆ. ಅರ್ಧ ತುಂಬಿಸಿದರೆ ಅರ್ಧ ಕಿಲೋ. ಇದಕ್ಕಿಂತ ಅಗ್ಗದ ಹೊಂದಾಣಿಕೆ ನನಗೆ ಗೊತ್ತಿಲ್ಲ. ತೆಂಗಿನ ನಾರು ಒಳ್ಳೆಯದು ಅಂತ ಅಪ್ಪ ಹಟ ಹಿಡಿದು ಇಂಡಿಯನ್ ಅಂಗಡಿಯಿಂದ ತರಿಸಿದರು. ನಾರು ಉದುರಿ ಟೈರಿಗೇ ಅಂಟಿತು. ಆ ಮಾತು ಆಮೇಲೆ ಮನೆಯಲ್ಲಿ ಬರಲಿಲ್ಲ. ತಂತಿ ಬ್ರಷ್ ಮಾತ್ರ ಯಾರೂ ಹಾಕಬೇಡಿ, ಮಣ್ಣಿನ ಜೊತೆ ರಬ್ಬರೂ ಹೋಗುತ್ತದೆ.

ಬ್ಯಾಟರಿಗೂ ಮೋಟಾರಿಗೂ ನಡುವೆ ಒಂದು ಸ್ವಿಚ್ಚು, 10 ಆಂಪಿನ ಫ್ಯೂಸ್. ಬ್ಯಾಟರಿ ತೊಟ್ಟಿಯಿಂದ ದೂರ, ಮೇಲಿನ ಶೆಲ್ಫಿನಲ್ಲಿ.

ಮೊದಲ ದಿನವೇ ಒಂದು ಅವಾಂತರ. ಎರಡು ನಿಮಿಷ ಚೆನ್ನಾಗಿ ತಿರುಗಿದ ಚಕ್ರ ಬಿಲ್ಲೆಸಮೇತ ಧೊಪ್ಪೆಂದು ತೊಟ್ಟಿಗೆ ಬಿತ್ತು. ಮೋಟಾರು ತಿರುಗುವ ದಿಕ್ಕಿಗೆ, ಬ್ರಷ್ ತಡೆಯುತ್ತಿದ್ದ ಚಕ್ರ ನಟ್ಟನ್ನು ಸ್ವಲ್ಪಸ್ವಲ್ಪವೇ ಬಿಚ್ಚುತ್ತಿತ್ತು. ಈಗ ಎರಡು ನಟ್, ಒಂದರ ಮೇಲೊಂದು ಬಿಗಿಯುತ್ತೇವೆ.

ನೆನೆಸುವ ವಿಷಯ

ಯಂತ್ರ ಆಯಿತು. ಆದರೂ ಕೆಲಸ ನಿಧಾನ. ಭಾನುವಾರ ಬೆಳಗಿನ ಇಟ್ಟಿಗೆಯ ಮೇಲೆ ಬ್ರಷ್ ಒಂಬತ್ತು ನಿಮಿಷ ಓಡಿದರೂ ಅಲ್ಲಲ್ಲಿ ಪೊರೆ ಉಳಿಯುತ್ತಿತ್ತು. ನಾನು ಬಾಟಲಿಯ ಮೇಲೆ ಬಾಟಲಿ ತೂಗುಹಾಕುತ್ತ ಹೋದೆ. ಅಪ್ಪ ನೋಡಿ ನೋಡಿ, "ಉಜ್ಜಬೇಡ ಕಣೋ, ನೆನೆಸು. ಹಿಟ್ಟಿನ ಪಾತ್ರೆ ಹೆಂಗೆ ತೊಳೀತೀಯ?" ಅಂದರು. ರಾಗಿ ಮುದ್ದೆಯ ಪಾತ್ರೆಯನ್ನು ಯಾರೂ ಉಜ್ಜುತ್ತ ಕೂರುವುದಿಲ್ಲ, ನೀರು ಹಾಕಿ ಬಿಡುತ್ತಾರೆ.

ಹಾಗಾದರೆ ಶನಿವಾರ ರಾತ್ರಿಯೇ ಒದ್ದೆ ಮಾಡಿ, ಮೇಲೆ ಒದ್ದೆ ಗೋಣಿ ಮುಚ್ಚಿಟ್ಟರೆ ಒಣಗುವುದೇ ಇಲ್ಲವಲ್ಲ ಅಂತ ನಾನು ಜಾಣತನ ತೋರಿಸಿದೆ. ಮಗಳು ಶಾಲೆಯ ಸೈನ್ಸ್ ಪ್ರಾಜೆಕ್ಟಿನ ಹುಮ್ಮಸ್ಸಿನಲ್ಲಿ ಮೂರು ಟೈರು ಪಕ್ಕಕ್ಕಿಟ್ಟಳು. ಒಂದನ್ನು ಟ್ರ್ಯಾಕಿನಿಂದ ಬಂದ ತಕ್ಷಣ ತೊಳೆಯುವುದು. ಒಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿಡುವುದು. ಮೂರನೆಯದನ್ನು ಗಾಳಿಗಿಟ್ಟು ಪೂರ್ತಿ ಒಣಗಿಸುವುದು. ಕೊನೆಯ ಎರಡನ್ನೂ ಬೆಳಗ್ಗೆ ಹತ್ತು ನಿಮಿಷ ತೊಟ್ಟಿಯಲ್ಲಿ ಮುಳುಗಿಸಿ ಗಾಣಕ್ಕೆ ಹಾಕುವುದು.

ಗೋಣಿಯ ಟೈರೇ ಎಲ್ಲಕ್ಕಿಂತ ಸತಾಯಿಸಿತು. ಆರು ನಿಮಿಷ. ಅರ್ಧ ಒಣಗಿದ ಜೇಡಿ ಚರ್ಮದ ಹಾಗೆ, ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ರಾತ್ರಿಯೇ ತೊಳೆದಿದ್ದು ಮೂರೂವರೆ ನಿಮಿಷ. ಪೂರ್ತಿ ಒಣಗಿದ್ದು ಎರಡೂಮುಕ್ಕಾಲು.

ನನಗೆ ನಂಬಿಕೆ ಬರಲಿಲ್ಲ. ಮುಂದಿನ ವಾರ ಇನ್ನೊಂದು ಒಣಗಿದ ಚಕ್ರ ಮುಳುಗಿಸಿ ತೊಟ್ಟಿಯ ಅಂಚಿಗೆ ಮುಖ ಇಟ್ಟು ನೋಡಿದೆ. ನೀರು ಮುಟ್ಟಿದ ಕೂಡಲೇ ಮಣ್ಣಿನ ಬಿರುಕುಗಳಿಂದ ಸಾಸಿವೆಕಾಳಿನಷ್ಟು ಗುಳ್ಳೆಗಳು ಸಾಲಾಗಿ ಏಳತೊಡಗಿದವು. ಒಂದು ನಿಮಿಷಕ್ಕೆ ಹೆಂಟೆಯ ಅಂಚು ಮೃದುವಾಗಿ, ಪದರ ಪದರವಾಗಿ ಬಿಟ್ಟುಕೊಂಡು, ತಾನಾಗಿ ತಳಕ್ಕೆ ಇಳಿಯಿತು. ಕೈ ಹಾಕಿರಲಿಲ್ಲ. ಒಣಗಿದ ಜೇಡಿಯ ಒಳಗೆಲ್ಲ ಗಾಳಿ ತುಂಬಿದ ಸಣ್ಣ ಸಣ್ಣ ಸಂದು. ನೀರು ಆ ಸಂದುಗಳಿಗೆ ನುಗ್ಗುತ್ತದೆ, ಸಿಕ್ಕಿಬಿದ್ದ ಗಾಳಿ ಮಣ್ಣನ್ನು ಒಡೆದುಕೊಂಡೇ ಆಚೆ ಬರುತ್ತದೆ. ತೇವ ಇರುವ ಜೇಡಿಯಲ್ಲಿ ಸಂದೆಲ್ಲ ಆಗಲೇ ನೀರಿನಿಂದ ತುಂಬಿರುತ್ತದೆ, ನುಗ್ಗಲು ಜಾಗವೇ ಇಲ್ಲ. ಅಪ್ಪನನ್ನು ಕೇಳಿದರೆ, "ಕುಂಬಾರರು ಒಡೆದ ಹಸಿ ಮಡಕೇನ ಮೊದ್ಲು ಚೆನ್ನಾಗಿ ಒಣಗಿಸಿ ಆಮೇಲೆ ಗುಂಡಿಗೆ ಹಾಕ್ತಾರಲ್ಲ, ನೋಡಿಲ್ವಾ?" ಅಂದರು. ನೋಡಿದ್ದೆ. ಚಿಕ್ಕವನಿದ್ದಾಗ ಎಷ್ಟೋ ಸಲ ನೋಡಿದ್ದೆ.

ಎರಡು ವರ್ಷ ನಾನು ಶತ್ರು ಅಂದುಕೊಂಡಿದ್ದ ಇಟ್ಟಿಗೆ ಕೆಲಸಕ್ಕೆ ಅತಿ ಸುಲಭದ ಸ್ಥಿತಿಯಾಗಿತ್ತು. ನೆನೆಸದೆ ಉಜ್ಜಿದ್ದೇ ತಪ್ಪು. ಈಗ ಶನಿವಾರ ರಾತ್ರಿ ಟೈರಿನ ಮುಖ ಕೂಡ ನೋಡುವುದಿಲ್ಲ. ಗಾಳಿಯಾಡುವ ಕಡೆ ನಿಲ್ಲಿಸಿ ಮಲಗುತ್ತೇನೆ. ಅರ್ಧ ಗಂಟೆ ನೆನೆಸಿಯೂ ನೋಡಿದೆವು, ಹತ್ತು ನಿಮಿಷಕ್ಕಿಂತ ಹೇಳಿಕೊಳ್ಳುವಂಥ ಲಾಭ ಇರಲಿಲ್ಲ.

ಲೆಕ್ಕ, ನಷ್ಟ

ಮೋಟಾರು 25, ಬೇರಿಂಗ್ ಜೋಡಿ 18, ರಾಡು ಮತ್ತು ನಟ್ಟು 12, ತೊಟ್ಟಿ 14, ಬ್ರಷ್ 9, ಸ್ವಿಚ್ಚು ವೈರು ಫ್ಯೂಸು 15. ಒಟ್ಟು 93 ಡಾಲರ್. ಮರ, ಪ್ಲೈವುಡ್, ಬ್ಯಾಟರಿ, ಯೋಗ ಮ್ಯಾಟು ಮನೆಯವೇ.

ಎಂಟು ಚಕ್ರಕ್ಕೆ ಈಗ ಸುಮಾರು 35 ನಿಮಿಷ. ಒಂದು ತಿರುಗುತ್ತಿರುವಾಗ ಇನ್ನೊಂದು ನೆನೆಯುತ್ತಿರುತ್ತದೆ, ನಾನು ಕಾಫಿ ಕುಡಿಯುತ್ತಿರುತ್ತೇನೆ. ಸಮಯಕ್ಕಿಂತ ನನಗೆ ಖುಷಿ ಕೊಟ್ಟಿದ್ದು ಬೇರೆ. ಕೈಯಲ್ಲಿ ತೊಳೆದ ಟೈರಿನ ನಾಲ್ಕು ಕಡೆ ಡ್ಯೂರೋಮೀಟರ್ ಇಟ್ಟರೆ 56ರಿಂದ 60ರವರೆಗೆ ಬರುತ್ತಿತ್ತು. ಗಾಣದಲ್ಲಿ ತೊಳೆದದ್ದು ನಾಲ್ಕೂ ಕಡೆ 57, 58. ಕೈಗೆ ದಣಿವಾಗುತ್ತದೆ, ಕೊನೆಯ ಕಾಲು ಭಾಗಕ್ಕೆ ಬರುವಾಗ ಬೇಜಾರೂ ಆಗುತ್ತದೆ. ವೈಪರ್ ಮೋಟಾರಿಗೆ ಅದೇನೂ ಇಲ್ಲ.

ಮಗಳು ಇದರಿಂದ ವೇಗವಾದಳಾ? ಮೊದಲ ಸುತ್ತುಗಳಲ್ಲಿ ಜಾರುವುದು ಕಮ್ಮಿಯಾಗಿದೆ ಅನ್ನುತ್ತಾಳೆ. ಅದೇ ಬೇಸಿಗೆಯಲ್ಲಿ ಅವಳು ಬ್ರೇಕ್ ಬೇಗ ಬಿಡುವುದನ್ನೂ ಕಲಿತಳು. ಯಾವುದಕ್ಕೆ ಎಷ್ಟು ಪಾಲು ಕೊಡಲಿ?

ಒಂದು ನಷ್ಟವನ್ನೂ ಹೇಳಬೇಕು. ಬ್ರಷ್ ಒತ್ತಿದರೆ ಐದು ಪಿಎಸ್‌ಐ ಟೈರು ಒಳಗೆ ಕುಸಿಯುತ್ತದೆ ಅಂತ ತೊಳೆಯುವ ಮುಂಚೆ 20 ಪಿಎಸ್‌ಐ ತುಂಬಿಸಿದ್ದೆ. ತೊಳೆದ ಮೇಲೆ ಇಳಿಸುವುದು ಮರೆತೆ. ಜುಲೈ ತಿಂಗಳು, ಗ್ಯಾರೇಜು ಒಲೆಯ ಹಾಗೆ. ಮರುದಿನ ಟೇಪು ಹಿಡಿದರೆ ಬಲಗಡೆಯದು 34½ ಇಂಚಿನಿಂದ 34⅝ ಆಗಿದೆ, ಎಡಗಡೆಯದು 33¼ರಿಂದ 33½. ಎರಡೂ ಹಿಗ್ಗಿವೆ, ಎಡಗಡೆಯದು ಜಾಸ್ತಿ ಹಿಗ್ಗಿದೆ. ಒಂದೂಕಾಲು ಇಂಚಿನ ಸ್ಟ್ಯಾಗರ್ ಒಂದೂ ಎಂಟನೇ ಒಂದಕ್ಕೆ ಇಳಿಯಿತು. ಆ ಶನಿವಾರ ಕಾರ್ಟು ತಿರುವಿನಲ್ಲಿ ತಿರುಗಲಾರೆ ಅಂತ ಮುನಿಸಿಕೊಂಡಿತು. ಈಗ ಹತ್ತೇ ಪಿಎಸ್‌ಐ ತುಂಬಿಸಿ, ಚಕ್ರ ಗಾಣದಿಂದ ಇಳಿಯುತ್ತಿದ್ದ ಹಾಗೆ ಗಾಳಿ ಬಿಡುತ್ತೇವೆ. ಮಗಳು ಗೋಡೆಯ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದಾಳೆ: 'ಅಪ್ಪ, ಗಾಳಿ!'

ಕೊಳಕು ನೀರನ್ನು ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಚೆಲ್ಲುವಂತಿಲ್ಲ, ಅದು ನೇರ ಹಳ್ಳಕ್ಕೆ ಹೋಗುತ್ತದೆ. ನೀರಿನಲ್ಲಿ ಮಣ್ಣಿನ ಜೊತೆ ರಬ್ಬರ್ ಪುಡಿ, ಟ್ರ್ಯಾಕಿನ ಉಪ್ಪು ಇರುತ್ತದೆ. ರಾತ್ರಿಯಿಡೀ ಬಿಟ್ಟರೂ ಚಹಾದ ಬಣ್ಣ ತಿಳಿಯಾಗುತ್ತಿರಲಿಲ್ಲ. ಅಪ್ಪ ಶೇವಿಂಗ್ ಡಬ್ಬಿಯಿಂದ ಪಟಿಕದ ತುಂಡು ತೆಗೆದು ನೀರಿನಲ್ಲಿ ನಾಲ್ಕು ಸುತ್ತು ತಿರುವಿದರು. ಊರಲ್ಲಿ ಕೆರೆ ನೀರಿಗೆ ಮಾಡುತ್ತಿದ್ದ ಹಾಗೇ. ಗಂಟೆಯೊಳಗೆ ಮೇಲೆ ತಿಳಿ, ಕೆಳಗೆ ಕೆಂಪು ಗಸಿ. ತಿಳಿಯನ್ನು ಹಿತ್ತಲ ಹುಲ್ಲಿಗೆ ಬಿಟ್ಟು, ಗಸಿಯನ್ನು ಒಣಗಿಸಿ ಕಸದ ಚೀಲಕ್ಕೆ ಹಾಕುತ್ತೇವೆ. ಕರಿಬೇವಿನ ಕುಂಡಕ್ಕೆ ಕೆಮ್ಮಣ್ಣು ಒಳ್ಳೆಯದು ಅಂತ ಹೆಂಡತಿ ಕೇಳಿದಳು, ಆ ಉಪ್ಪಿಗೆ ಗಿಡ ಸತ್ತೇಹೋಗುತ್ತದೆ ಅಂತ ತಡೆದೆ.

ರಿಮ್ಮಿನ ಒಳಮೈ ಮಾತ್ರ ಗಾಣಕ್ಕೆ ಎಟುಕುವುದಿಲ್ಲ. ಅದನ್ನು ಇನ್ನೂ ಹಳೆ ಟೂತ್‌ಬ್ರಷ್ಷಿನಲ್ಲಿ ಕೈಯಲ್ಲೇ ಮಾಡಬೇಕು. ಇನ್ನೊಂದು, ತೊಟ್ಟಿಯ ಕಡೆಯ ಪಿಲ್ಲೋ ಬ್ಲಾಕ್ ಈಚೆಗೆ ಕಿರ್ರ್ ಅನ್ನುತ್ತಿದೆ. ಅಪ್ಪ ಶಿರಾಕ್ಕೆ ವಾಪಸ್ಸಾಗಿ ನಾಲ್ಕು ತಿಂಗಳಾಯಿತು. ಹೋದ ಭಾನುವಾರ ವಾಟ್ಸಾಪಿನಲ್ಲಿ ಕಾಲ್ ಮಾಡಿ, ಫೋನನ್ನು ಬೇರಿಂಗಿನ ಹತ್ತಿರ ಹಿಡಿದು ಗಾಣ ಓಡಿಸಿದೆ. "ಗ್ರೀಸ್ ಹಾಕಿದ್ಯಾ?" ಹಾಕಿದ್ದೆ. ಇನ್ನೊಂದು ಸುತ್ತು ಕೇಳಿಸಿಕೊಂಡರು. "ಉಪ್ಪು ತಿಂದಿದೆ ಅದನ್ನ. ಗ್ರೀಸ್ ಗೀಸ್ ಏನೂ ಬೇಡ, ಬದಲಾಯಿಸು."

ಆರ್ಡರ್ ಹಾಕಿದ್ದೇನೆ, ಗುರುವಾರ ಬರುತ್ತದಂತೆ.